ಹಿತ್ತಿಲ ಬಾಗಿಲು ತೆಗೆಸುವ ಲೋಡಕ್ಕ

ಇದನ್ನು ಬರೆಯಲು ನಾನು ತಕ್ಕವನಲ್ಲ, ಓದುಗರು ಮನ್ನಿಸಬೇಕು. ಸಂಜೆ ಕಾಲೇಜಿನಲ್ಲಿ ಕಲಿತದ್ದು ವಾಣಿಜ್ಯ. ಕರೆಂಟಿನ ವಿಷಯದಲ್ಲಿ ಎಲ್ಲಿ ತಪ್ಪುತ್ತೇನೋ ಎಂಬ ಅಳುಕಿದೆ. ಆದರೂ ಕಣ್ಣೆದುರಿನ ಅನ್ಯಾಯ ಕಂಡು ಸುಮ್ಮನಿರಲು ಆಗುತ್ತಿಲ್ಲ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಮ್ಮ ಬೀದಿಯ ಎರಡಂತಸ್ತಿನ ಮನೆಯೊಂದರ ನಡುಮನೆಯಲ್ಲಿ ಲೋಡಕ್ಕ ಕಿವಿಗೊಟ್ಟು ನಿಂತಿದ್ದಾರೆ. ಬಾಡಿಗೆಗೆ ಜನರೇಟರ್ ಕೊಡುವ ಅಂಗಡಿಯಲ್ಲಿ ಅವರ ಕೆಲಸ. ಮನೆಯ ಲೋಡು, ಅಂದರೆ ಕರೆಂಟಿನ ಹೊರೆ, ನೋಡಿ ಎಷ್ಟು ದೊಡ್ಡದು ಬೇಕೆಂದು ಹೇಳಬೇಕು. ಅದಕ್ಕೇ ಬೀದಿಯವರು ಈ ಹೆಸರಿಟ್ಟಿದ್ದಾರೆ. ಫ್ರಿಜ್ಜು, ಮಿಕ್ಸಿ, ಪಂಪು ಎಲ್ಲ ಒಟ್ಟಿಗೆ ಓಡುವ ಹೊತ್ತೆಂದು ಬೆಳಗ್ಗೆಯೇ ಬರುತ್ತಾರೆ. "ಮಧ್ಯಾಹ್ನ ಬಂದ್ರೆ ಮನೆ ಸುಳ್ಳು ಹೇಳುತ್ತೆ" ಎನ್ನುತ್ತಾರೆ.

ಒಳಕೋಣೆಯಲ್ಲಿ ಅಜ್ಜಿ ಮಲಗಿದ್ದಾರೆ. ಮೂಗಿಗೆ ಆಮ್ಲಜನಕದ ಯಂತ್ರದ ಕೊಳವೆ. ಬೀದಿಯ ಟ್ರಾನ್ಸ್‌ಫಾರ್ಮರ್ ಕೆಟ್ಟು ಕರೆಂಟು ಹೋಗಿ ಬಂದು ಮಾಡುತ್ತಿದೆ. ಸೊಸೆ ಫ್ರಿಜ್ಜು, ಫ್ಯಾನು, ದೀಪಗಳನ್ನು ತೋರಿಸಿ, ಚಿಕ್ಕ ಜನರೇಟರ್ ಧಾರಾಳ ಸಾಕು ಎನ್ನುತ್ತಾರೆ. ಲೋಡಕ್ಕ ಗೋಡೆಯ ನೀರಿನ ಪೈಪಿಗೆ ಅಂಗೈ ಒತ್ತುತ್ತಾರೆ. ಪೈಪು ಅದುರುತ್ತಿದೆ.

"ಹಿತ್ತಿಲ ಬಾಗಿಲು ತೆಗೀರಮ್ಮ."

"ಅಲ್ಲೇನಿದೆ? ಹಳೇ ಸಾಮಾನು."

"ಹಳೇ ಸಾಮಾನು ಗುರ್ ಅನ್ನಲ್ಲ."

ಬಾಗಿಲ ಹಿಂದೆ ಮಹಡಿಗೆ ನೀರೆತ್ತುವ ಪಂಪು. ಮೇಲಿರುವುದು ಹಿರಿಮಗನ ಸಂಸಾರ. ವಾರಗಿತ್ತಿಯರಿಬ್ಬರಿಗೂ ಮಾತಿಲ್ಲ, ಪಂಪಿನ ತಂತಿ ಮಾತ್ರ ಕೆಳಮನೆಯಿಂದಲೇ ಹೋಗಿದೆ. ಹಿಂದೆ ಅಜ್ಜಿಯೇ ಎಳೆಸಿಕೊಟ್ಟದ್ದು. ಮೇಲಿನವರ ನೀರಿಗೂ ನಾವ್ಯಾಕೆ ಜನರೇಟರ್ ಇಡಬೇಕೆಂದು ಸೊಸೆ ಅಂಗಡಿಯ ಮಾಲೀಕನಿಗೆ ಫೋನು ಹಚ್ಚುತ್ತಾರೆ: ನಿಮ್ಮವಳು ಮನೆಯೆಲ್ಲ ಜಾಲಾಡುತ್ತಿದ್ದಾಳೆ.

ಈ ದೂರು ಸಣ್ಣದಲ್ಲ. ಇನ್ನೊಂದು ಬಂದರೆ ಕೆಲಸ ಬಿಡಿಸುತ್ತೇನೆಂದು ಮಾಲೀಕ ಮೊದಲೇ ಗದರಿಸಿದ್ದಾನೆ. ಲೋಡಕ್ಕ ಬೆಳೆದದ್ದು ಅಪ್ಪನ ಮೋಟಾರು ರಿಪೇರಿ ಅಂಗಡಿಯಲ್ಲಿ. "ಅಂಗಡಿ ತಮ್ಮನಿಗೆ ಹೋಯ್ತು, ಕಿವಿ ನನಗುಳೀತು" ಎಂದು ನಗುತ್ತಾರೆ. ಹಿಂದೊಮ್ಮೆ ಮನೆಯವರ ಮಾತು ನಂಬಿ ಮುಚ್ಚಿದ ಬಾಗಿಲು ತೆಗೆಸದೆ ಬಂದಿದ್ದರು. ಅಲ್ಲಿ ಅಡಗಿದ್ದ ಗೀಸರಿನಿಂದ ಜನರೇಟರ್ ನಿಂತಾಗ, ಹೆಂಗಸು ಅಳೆದರೆ ಹೀಗೇ ಎಂದ ಮಾಲೀಕ. ಬಚ್ಚಿಟ್ಟವರನ್ನು ಯಾರೂ ಕೇಳಲಿಲ್ಲ. ಬಾಗಿಲು ತೆಗೆಸದಿದ್ದರೆ ತಪ್ಪು ಇವರದು, ತೆಗೆಸಿದರೂ ಇವರದೇ. ಇದ್ಯಾವ ಸೀಮೆಯ ನ್ಯಾಯ?

ಮಾಲೀಕ ಚಿಕ್ಕ ಜನರೇಟರನ್ನೇ ಗಾಡಿಯಲ್ಲಿ ಕಳಿಸುತ್ತಾನೆ, ಅವರು ಹೇಳಿದಂತೆ ಮಾಡು ಎಂಬ ಅಪ್ಪಣೆಯ ಜೊತೆ.  ಲೋಡಕ್ಕ ಮೊದಲು ಅಜ್ಜಿಯ ಕೊಳವೆಯನ್ನು ಸೊಸೆಯ ಕೈಯಿಂದಲೇ ಮಂಚದ ಪಕ್ಕದ ಆಮ್ಲಜನಕದ ಸಿಲಿಂಡರಿಗೆ ಹಾಕಿಸಿ, ಆಮೇಲೆ ಜನರೇಟರ್ ಚಾಲು ಮಾಡುತ್ತಾರೆ. ಫ್ರಿಜ್ಜು, ಫ್ಯಾನು, ಯಂತ್ರ ಎಲ್ಲ ಸರಾಗ. ಸೊಸೆಯ ಮುಖದಲ್ಲಿ ಗೆದ್ದ ಕಳೆ. ಅಷ್ಟರಲ್ಲಿ ಮೇಲೆ ಯಾರೋ ಪಂಪಿನ ಸ್ವಿಚ್ ಒತ್ತುತ್ತಾರೆ. ದೀಪಗಳು ಕುಗ್ಗುತ್ತವೆ, ಜನರೇಟರ್ ಏದುಸಿರು ಬಿಡುತ್ತದೆ. ಆಮ್ಲಜನಕದ ಯಂತ್ರ ಕಿರುಚಿಕೊಂಡು ನಿಲ್ಲುತ್ತದೆ.

"ಮೋಟಾರು ಓಡುವಾಗ ಸಾಧು ಕಣಮ್ಮ. ಏಳುವಾಗ ಮೂರು ಪಾಲು ಕರೆಂಟು ಕೇಳುತ್ತೆ, ಇನ್ನೂ ಹೆಚ್ಚೇ ಕೇಳೀತು. ಆ ಹೊತ್ತಲ್ಲಿ ಅತ್ತೆಗೆ ಉಸಿರು ಯಾರು ಕೊಡ್ತೀರಿ?"

ಹಾಗಾದರೆ ತಂತಿ ಕಿತ್ತುಬಿಡಿ ಎನ್ನುತ್ತಾರೆ ಸೊಸೆ. ಒಳಗಿನಿಂದ ಅಜ್ಜಿಯ ಸಣ್ಣ ದನಿ: "ಕೀಳಿಸಬೇಡ ಕಣೇ. ಮೇಲಿರೋರೂ ನನ್ನ ಮಕ್ಕಳೇ."

ಸೊಸೆ ಒಪ್ಪಿದ ಮೇಲೆ, ಬಿಸಿಲೇರುವ ಹೊತ್ತಿಗೆ ದೊಡ್ಡ ಜನರೇಟರ್ ಬರುತ್ತದೆ. ಪಂಪು ಎದ್ದರೂ ಆಮ್ಲಜನಕದ ಯಂತ್ರ ನಿಲ್ಲುವುದಿಲ್ಲ. ಸೊಸೆ ತಾವೇ ಮತ್ತೆ ಫೋನು ಮಾಡಿ, ತಪ್ಪಾಯಿತು, ದೂರು ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತಾರೆ. ಬಂದ ದೂರು ಬಂದ ಹಾಗೇ, ಗಾಡಿ ಎರಡು ಸಲ ತಿರುಗಿದ್ದು ಯಾರಿಂದ ಎನ್ನುತ್ತಾನಂತೆ ಮಾಲೀಕ. ಚಿಕ್ಕದನ್ನು ಕಳಿಸಿದವನು ತಾನೇ ಎಂಬುದು ಅವನಿಗೆ ಮರೆತೇ ಹೋಗಿದೆ. ಲೋಡಕ್ಕನ ಕೆಲಸ ಬಿಡಿಸುತ್ತೀರಾ ಎಂದು ನಾನು ಅಂಗಡಿಗೆ ಹೋಗಿ ಕೇಳಿದೆ. ನೋಡೋಣ ಎಂದಷ್ಟೇ ಹೇಳಿ ಬೇರೆ ಗಿರಾಕಿಯತ್ತ ತಿರುಗಿದ.

ಲೋಡಕ್ಕ ಮಾತ್ರ ಶಾಂತವಾಗಿದ್ದರು. "ನನ್ನ ಹೊಗಳಿಕೆ ಬೇಡಪ್ಪ. ಕೇಳಿದಾಗ ಬಾಗಿಲು ತೆಗೀರಿ ಅಂತ ಬರಿ, ಸಾಕು."

ಬರೆದಿದ್ದೇನೆ. ಇದು ಅಚ್ಚಾಗಿ ನಿಮ್ಮ ಕೈಸೇರುವ ಹೊತ್ತಿಗೆ ಅವರ ಕೆಲಸ ಉಳಿದಿರುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.