ಮಹಡಿ ಕೋಣೆಗೆ ಬಂದ ನೆರೆಹೊರೆ

ಸೋವಿಯತ್ ಸೈನ್ಯ ಅಫ್ಘಾನಿಸ್ತಾನ ಬಿಟ್ಟು ಹೋದ ಮೇಲೆ ಅಕ್ಕಪಕ್ಕದ ದೇಶಗಳು ಏನು ಮಾಡಿದವು ಅನ್ನುವುದು ನನಗೆ ತಿಳಿದದ್ದು ಮರಾಠಿ ಸೀಮೆಯ ಧನಕವಡಿಯಲ್ಲಿದ್ದ ನಮ್ಮ ಮನೆಯ ಮಹಡಿ ಕೋಣೆಯಿಂದ. ಬಾಡಿಗೆಯವರು ಖಾಲಿ ಮಾಡಿದ ಸಂಜೆಯೇ ಪಕ್ಕದ ಮನೆಯ ಕಾಕಾ ತಮ್ಮ ಕೆಟ್ಟ ಕೂಲರ್ ತಂದಿಟ್ಟರು. ಹಿಂದಿನ ಮನೆಯ ಕಾಕೂ ಹಪ್ಪಳ ಹರವಿದರು. ಎದುರುಮನೆಯ ಧಾರವಾಡದ ಮಾಮಾ, "ನಮಗೇನೂ ಬ್ಯಾಡ್ರಿ, ಸುಮ್ಮನ ನೋಡಾಕ ಬಂದೀನಿ" ಅನ್ನುತ್ತ ಕಿಟಕಿಯ ಅಳತೆ ತೆಗೆದರು.

ಆ ಕೋಣೆ ಬೇಕಾಗಿದ್ದದ್ದು ನನ್ನ ಕಾಲೇಜಿನ ಅಫ್ಘಾನ್ ಗೆಳೆಯನಿಗೆ. ಹಾಸ್ಟೆಲ್ ಬಿಡಬೇಕಿತ್ತು, ಹೊಡೆದಾಟ ನಿಲ್ಲದ ಊರಿಗೆ ಹೋಗುವ ಹಾಗಿರಲಿಲ್ಲ. ಅವ್ವ ಮಾತ್ರ, "ಯುದ್ಧದ ನಾಡಿನ ಹುಡುಗ, ಹ್ಯಾಂಗ ಇರ್ತಾನೋ ಏನೋ. ಗಣಪತಿ ಮುಗೀಲಿ, ಹೇಳ್ತೀನಿ" ಅಂದಿದ್ದಳು.

ಗಣಪತಿ ಮಂಡಪದಲ್ಲಿ ಆ ವರ್ಷ ನನ್ನ ಮಿಮಿಕ್ರಿ. ಊರವರನ್ನೆಲ್ಲ ಅಣಕಿಸಿ ಅಣಕಿಸಿ ನನ್ನ ಸ್ವಂತ ದನಿ ಎಲ್ಲಿಟ್ಟೆನೋ ನನಗೇ ಮರೆತುಹೋಗಿತ್ತು. ಅಫ್ಘಾನಿಸ್ತಾನದ ನೆರೆಯವರಿಗೆ ನಮ್ಮ ನೆರೆಯವರ ದನಿ ಕೊಟ್ಟೆ. ಪಾಕಿಸ್ತಾನ ಕೂಲರ್ ಹೊತ್ತು ಬಂದು, "ಫಕ್ತ ದೋನ್ ದಿವಸ, ವಹಿನಿ!" ಅಂದಿತು, ಕಾಕಾ ಅವ್ವನಿಗೆ ಅಂದಿದ್ದ ಹಾಗೇ, ಎರಡೇ ದಿನ ಅತ್ತಿಗೆ ಅಂತ. ಇರಾನ್ ಹಪ್ಪಳ ಹರವಿತು. ಹಿಂದುಸ್ತಾನ ಟೇಪು ಹಿಡಿದು, "ನಮಗೇನೂ ಬ್ಯಾಡ್ರಿ" ಅಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕಾ. ಬೇರೆ ಯಾರದೋ ನಕಲು ಅಂದುಕೊಂಡಿದ್ದರು.

ಗುಂಪಿನಿಂದ ಗೆಳೆಯ ಎದ್ದು ಹಿಂದಿಯಲ್ಲಿ ಕೇಳಿದ: "ಎಲ್ಲರೂ ಬಂದರು. ಮನೆಯವನೆಲ್ಲಿ?"

"ನೀನೇ ಬಾರೋ" ಅಂದೆ.

ಬಂದ. ಮಂಡಳದ ಚಹಾ ಕಿಟ್ಲಿ ಹಿಡಿದು ನನ್ನ ಪಾಕಿಸ್ತಾನಕ್ಕೆ ಚಹಾ ಬಗ್ಗಿಸಿ ಕುರ್ಚಿ ಬಿಟ್ಟುಕೊಟ್ಟ. ಇರಾನಿಗೆ ಚಾಪೆ. ಹಿಂದುಸ್ತಾನಕ್ಕೆ ಜಾಗ ಸಾಲದೆ ತಾನೇ ಹಿಂದೆ ಹಿಂದೆ ಸರಿದು ವೇದಿಕೆಯಿಂದ ಕೆಳಗಿಳಿದ. ಅಲ್ಲಿ ನಿಂತು, ಇಲ್ಲದ ಬಾಗಿಲು ತಟ್ಟಿ, ಕಲಿತಷ್ಟು ಮರಾಠಿಯಲ್ಲಿ ಕೇಳಿದ: "ಒಳಗೆ ಬರಲೇ?"

ನಗು ಬಿತ್ತು. ಅವ್ವ ನಗಲಿಲ್ಲ. ಅವನಿಗೆ ಕನ್ನಡ ಬಾರದು ಅನ್ನುವುದನ್ನೂ ಮರೆತು ಮುಂದಿನ ಸಾಲಿನಿಂದ ಅಂದಳು:

"ಬಾರಪ್ಪಾ, ಒಳಗ ಬಾ. ಕೋಣಿ ನಿಂದು."

ಆಮೇಲೆ ಕಾಕಾನ ಕಡೆ ತಿರುಗಿ ಮರಾಠಿಗೆ ಹೊರಳಿದಳು: "ನಾಳೆ ಬೆಳಿಗ್ಗೆ ಕೂಲರ್ ಕೆಳಗಿಳಿಸಿ."

ಕಾಕಾ ಬಾಯಿ ತೆರೆದರು. ಅವರಿಗಿಂತ ಮೊದಲು ಇಡೀ ಮಂಡಪ ಹೇಳಿತು: "ಫಕ್ತ ದೋನ್ ದಿವಸ, ವಹಿನಿ!"