ಹೊಳೆ ದಡದ ಜೋಡಿ ಚಪ್ಪಲಿ

ಅದು 2003ನೇ ಇಸವಿ. ನಮ್ಮ ಯಜಮಾನರು ಹೊಳೆನರಸೀಪುರದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದರು. ಮದುವೆಯಾದಾಗಿನಿಂದಲೂ ಅವರಿಗೆ ಓಟದ ಹುಚ್ಚು. ಅದರಿಂದ ನನಗೇನೂ ತೊಂದರೆಯಿರಲಿಲ್ಲ. ಓಡಿ ಮುಗಿಸಿ, ನಾನು ಕಾಫಿ ಸೋಸುವ ಹೊತ್ತಿಗೆ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದರು.

ಆ ವರ್ಷ ಅದೇನು ಗ್ರಹಚಾರವೋ, ಟ್ರಯಥ್ಲಾನ್ ಎಂಬುದನ್ನು ಹಿಡಿದುಕೊಂಡರು. ಈಜಬೇಕು, ಸೈಕಲ್ ತುಳಿಯಬೇಕು, ಆಮೇಲೆ ಓಡಲೂಬೇಕು. ಬೆಳಗ್ಗೆ ಹೇಮಾವತಿ ಹೊಳೆ, ಸಂಜೆ ಹಾಸನದ ರಸ್ತೆ. ಭಾನುವಾರವಂತೂ ಮನೆಯಲ್ಲಿ ಅವರ ನೆರಳೂ ಇಲ್ಲ. "ಬರೀ ಓಡೋರನ್ನ ಕಟ್ಕೊಂಡೋರು ಪುಣ್ಯವಂತರು ಕಣ್ರೀ. ನಂಗೆ ನೋಡಿ, ಮೂರು ಜನ ಸವತೀರು!" ಎಂದು ರೇಗುತ್ತಿದ್ದೆ. ಅವರು ನಕ್ಕು ಇನ್ನೊಂದು ಬಾಳೆಹಣ್ಣು ಸುಲಿಯುತ್ತಿದ್ದರು.

ಒಂದು ಭಾನುವಾರ ನಾನು ಏಳುವ ಮೊದಲೇ ಹೊರಟುಹೋಗಿದ್ದರು. ನಾನು ಅಕ್ಕಿ ರೊಟ್ಟಿ ತಟ್ಟುತ್ತಿದ್ದಾಗ, ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದ ಪಕ್ಕದ ಮನೆ ಪುಟ್ಟಮ್ಮ ಓಡಿಬಂದಳು.

"ಅಕ್ಕಾ, ಮೇಷ್ಟ್ರು ಅಂಗಿ, ಪಂಚೆ, ಚಪ್ಲಿ ಎಲ್ಲಾ ಒಳೆ ಮೆಟ್ಲು ಮ್ಯಾಲೆ ಅವೆ. ಆಗ್ಲಿಂದ ನೋಡ್ತಾವ್ನಿ, ಮೇಷ್ಟ್ರೇ ಕಾಣಾಕಿಲ್ಲ ಕಣಕ್ಕ!"

ಹೊಳೆ ದಡದಲ್ಲಿ ಯಾರೂ ಇಲ್ಲದ ಜೋಡಿ ಚಪ್ಪಲಿ ಕಂಡರೆ ನಮ್ಮ ಕಡೆ ಯಾರೂ ಒಳ್ಳೆಯದನ್ನು ಯೋಚಿಸುವುದಿಲ್ಲ. ಒಲೆ ಆರಿಸಿದೆನೋ ಇಲ್ಲವೋ, ಬರಿಗಾಲಲ್ಲೇ ಓಡಿದೆ. ಬಸ್ಸು ಹಿಡಿಯಲೂ ಎಂದೂ ಓಡಿದವಳಲ್ಲ ನಾನು.

ದಡದಲ್ಲಿ ಜನವೋ ಜನ. ಇಬ್ಬರು ನೀರಿಗಿಳಿದು ಹುಡುಕುತ್ತಿದ್ದರು. ಮಡಿಸಿಟ್ಟ ಅಂಗಿಯನ್ನು ಎತ್ತಿ ಎದೆಗವಚಿಕೊಂಡೆ. 'ದೇವರೇ, ದಿನವೆಲ್ಲ ಬೇಕಾದರೂ ಸೈಕಲ್ ತುಳಿಯಲಿ, ಮನೆಗೆ ಬಂದರೆ ಸಾಕು' ಎಂದು ಅತ್ತೆ.

ಆಗ ಹಿಂದಿನಿಂದ ಯಾರೋ ಏದುಸಿರು ಬಿಡುತ್ತಾ ಜನರ ಮಧ್ಯೆ ನುಗ್ಗಿಬಂದರು. "ಯಾರು ಮುಳುಗಿದ್ದು? ಸರೀರಿ, ಸರೀರಿ, ನಂಗೆ ಈಜು ಬರುತ್ತೆ!"

ನಮ್ಮ ಯಜಮಾನರು! ಚಡ್ಡಿ ಬನಿಯನ್ನಿನಲ್ಲೇ ನೀರಿಗೆ ಹಾರಲು ಹೊರಟಿದ್ದರು.

ನೀರಲ್ಲಿದ್ದವನೊಬ್ಬ ಬಾಯಿ ಬಿಟ್ಟುಕೊಂಡು ನೋಡಿದ. "ಮುಳ್ಗೋಗಿರೋದು ನೀವೇ ಕಣ್ ಸಾ!"

ದಡದ ತುಂಬ ನಗು. ಅಂದು ಮೊದಲ ಸಲ ಮೂರನ್ನೂ ಒಟ್ಟಿಗೆ ಮಾಡಿದ್ದರಂತೆ. ಇಲ್ಲಿ ಬಟ್ಟೆ ಬಿಟ್ಟು, ಮೊದಲೇ ಸೈಕಲ್, ಶೂ ಇಟ್ಟಿದ್ದ ಕೆಳಗಿನ ದಡಕ್ಕೆ ಈಜಿ, ಚನ್ನರಾಯಪಟ್ಟಣದ ರಸ್ತೆಯಲ್ಲಿ ಒಂದಷ್ಟು ದೂರ ತುಳಿದು ಬಂದು, ಸೈಕಲ್ಲನ್ನು ಸ್ನೇಹಿತರ ಮನೆಯಲ್ಲಿಟ್ಟು, ಬಟ್ಟೆಗಾಗಿ ಓಡಿ ಬಂದಿದ್ದರು.

"ಹೇಳಿ ಹೋಗೋಕೆ ಏನಾಗಿತ್ತು ದಾಡಿ?" ಎಂದು ಅದೇ ಅಂಗಿಯಿಂದ ಬೆನ್ನಿಗೆ ಬಾರಿಸಿದೆ.

"ಹೇಳಿದ್ರೆ ಬೈತಿದ್ದೆಯಲ್ಲ."

"ಬೈಯೋಕಾದ್ರೂ ನೀವು ಇರ್ಬೇಕಲ್ರೀ!" ಎಂದೆ. ಅವರ ಕಣ್ಣೂ ಒದ್ದೆಯಾಯಿತು.

ಆಮೇಲೆ ಪ್ರತಿ ಭಾನುವಾರ ಅವರ ಬಟ್ಟೆ, ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ನಾನೇ ಕೂರುತ್ತಿದ್ದೆ. ಈಗಲೂ ಯಾವುದೇ ಹೊಳೆ ದಡದಲ್ಲಿ ಜೋಡಿ ಚಪ್ಪಲಿ ಕಂಡರೆ, ಅದರ ಯಜಮಾನ ನೀರಿನಿಂದ ಮೇಲೆ ಬರುವವರೆಗೆ ನನ್ನ ಕಾಲು ಮುಂದಕ್ಕೆ ಏಳುವುದಿಲ್ಲ.