ಬೆಂಕಿ ಕಾಣದ ಒಲೆಯ ಲೆಕ್ಕ

ಮೊನ್ನೆ ಠಾಣೆಯ ನಮ್ಮ ಘೋಡಬಂದರ್ ರಸ್ತೆಯ ಬಿಲ್ಡಿಂಗಿನ ಲಿಫ್ಟಿನಲ್ಲಿ ಕೆಳಗಿನ ಮಾಳಿಗೆಯವರೊಬ್ಬರು ಇಂಡಕ್ಷನ್ ಒಲೆಯ ಡಬ್ಬವನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದರು. ನಾನು ಅಕೌಂಟ್ಸಿನವನೆಂದು ಅವರಿಗೆ ಗೊತ್ತು. "ಸಾಬ್, ಸಚ್ ಬತಾವೊ, ಗ್ಯಾಸ್ ಸಸ್ತಾ ಕಿ ಯೇ ಸಸ್ತಾ?" ಎಂದು ಕೇಳಿದರು. ಗ್ಯಾಸ್ ಅಗ್ಗವೋ ಇದು ಅಗ್ಗವೋ ಎಂಬಂಥ ಪ್ರಶ್ನೆಗೇ ಕಾದು ಕೂತವನು ನಾನು. ಮದುವೆಯೂಟದ ಪಂಕ್ತಿಯಲ್ಲೂ ಎಲೆಗೆ ಎಷ್ಟು ಬಿದ್ದಿರಬಹುದೆಂದು ಮನಸ್ಸಿನಲ್ಲೇ ಕೂಡಿಸುವ ಆಸಾಮಿ. ಆದರೆ ಬಾಯಿ ತೆರೆಯುವಷ್ಟರಲ್ಲಿ ಶಾರದಾ ಚಿಕ್ಕಮ್ಮ ನೆನಪಾಗಿ ಮಾತು ಅಲ್ಲೇ ನಿಂತಿತು.

ಚಿಕ್ಕಮ್ಮನದು ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಒಂದೂವರೆ ಕೋಣೆಯ ಮನೆ. ಉಡುಪಿ ಕಡೆಯವರು. ಚಿಕ್ಕಪ್ಪ ಠಾಣೆಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನೂ ಹೆಂಡತಿಯೂ ಎಷ್ಟು ಕರೆದರೂ ಚಿಕ್ಕಮ್ಮ ನಮ್ಮಲ್ಲಿಗೆ ಬಂದವರಲ್ಲ. "ನಿನ್ನ ಹೆಂಡತಿಯ ಅಡಿಗೆಮನೆಯಲ್ಲಿ ನಾನು ಎಂಥ ಮಾಡುವುದು ಮಾರಾಯ? ಸೋಫಾದಲ್ಲಿ ಕೂತು ಟೀವಿ ನೋಡುವುದಾ?" ಎನ್ನುತ್ತಿದ್ದರು. ಹಾಗಾಗಿ ಆದಿತ್ಯವಾರ ನಾನೇ ಲೋಕಲ್ ರೈಲು ಹಿಡಿದು ಹೋಗುತ್ತೇನೆ. ಅವರನ್ನು ನೋಡಲಿಕ್ಕೋ ಬಸಳೆ ಹುಳಿ ಹೊಡೆಯಲಿಕ್ಕೋ ಎಂದು ಮಾತ್ರ ನೀವು ಕೇಳಬೇಡಿ.

ಕೆಲವು ವರ್ಷಗಳ ಹಿಂದೆ ಹೀಗೇ ಹೋದಾಗ ಹೊಸ್ತಿಲಲ್ಲೇ ಗ್ಯಾಸಿನ ವಾಸನೆ ಮೂಗಿಗೆ ಹೊಡೆಯಿತು. ಅನ್ನ ಉಕ್ಕಿ ಒಲೆ ಆರಿತ್ತು. ಚಿಕ್ಕಮ್ಮ ಪಕ್ಕದಲ್ಲೇ ಕೂತು ನಿಶ್ಚಿಂತೆಯಾಗಿ ಬಸಳೆ ಸೋಸುತ್ತಿದ್ದರು. ನನ್ನನ್ನು ಕಂಡು ಎದ್ದವರು, "ಓ, ಒಲೆ ಆರಿಯೇ ಹೋಗಿದೆ" ಎನ್ನುತ್ತ ಲೈಟರಿಗೆ ಕೈ ಚಾಚಿದರು. ನಾನು ಹಾರಿ ಅವರ ಕೈ ಹಿಡಿದೆ. ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಅವರನ್ನು ಹೊರಗೆ ಕೂರಿಸಿದೆ.

"ವಾಸನೆ ಬರಲಿಲ್ಲವಾ ಚಿಕ್ಕಮ್ಮ?"

"ಮೂಗು ಸತ್ತು ವರ್ಷದ ಮೇಲಾಯ್ತು. ಆ ಜ್ವರ ಬಂದಿತ್ತಲ್ಲ, ಅದರಲ್ಲಿ ಹೋದದ್ದು. ನಿನಗೆ ಹೇಳಿದರೆ ನೀನು ಒಲೆ ಬಿಡಿಸಿ ನನ್ನನ್ನು ಎಳಕೊಂಡು ಹೋಗ್ತಿದ್ದಿ."

ಹೆದರಿಕೆ ಇಳಿದ ಮೇಲೆ ನನಗೆ ಇನ್ನೊಂದು ವಿಷಯ ಹೊಳೆಯಿತು. ಒಂದು ವರ್ಷಕ್ಕೂ ಮಿಕ್ಕಿ ಈ ಹೆಂಗಸು ಪರಿಮಳವೇ ಗೊತ್ತಾಗದೆ ಮಸಾಲೆ ಹುರಿದಿದ್ದಾರೆ, ಒಗ್ಗರಣೆ ಕೊಟ್ಟಿದ್ದಾರೆ. ನಾನು ಬೆರಳು ನೆಕ್ಕಿ ಎರಡನೇ ಸಲ ಹಾಕಿಸಿಕೊಂಡಿದ್ದೇನೆ. ಹೇಗೆ ಸಾಧ್ಯವಾಯಿತೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮುಂದಿನ ಆದಿತ್ಯವಾರ ಇಂಡಕ್ಷನ್ ಒಲೆ ಹೊತ್ತುಕೊಂಡು ಹೋದೆ. ಕರೆಂಟ್ ಬಿಲ್ಲಿನ ತಕರಾರು ಬಂದೇ ಬರುತ್ತದೆಂದು ಲೆಕ್ಕ ಗಟ್ಟಿಮಾಡಿಕೊಂಡಿದ್ದೆ. ಗ್ಯಾಸಿನ ಬಿಸಿ ಪಾತ್ರೆಯ ಆಚೀಚೆ ಪೋಲಾಗುತ್ತದೆ, ಇದರಲ್ಲಾದರೆ ಪಾತ್ರೆಯೇ ಕಾಯುತ್ತದೆ ಎಂದು ಭಾಷಣ ಬಿಗಿದೆ. ಚಿಕ್ಕಮ್ಮ ಕೈಕಟ್ಟಿ ಕೇಳಿದರು.

"ನನ್ನ ಅಲ್ಯುಮಿನಿಯಂ ತಪ್ಪಲೆ ಇದಕ್ಕೆ ಆಗ್ತದಾ?"

"ಆಗುವುದಿಲ್ಲ. ಅಯಸ್ಕಾಂತ ಅಂಟುವಂಥದ್ದೇ ಬೇಕು."

"ಹೊಸ ಪಾತ್ರೆಯ ದುಡ್ಡು ಸೇರಿಸು. ಮತ್ತೆ ನಮ್ಮ ಕುಚ್ಚಲಕ್ಕಿ ನಿನ್ನ ಬಿಳಿ ಅಕ್ಕಿಯ ಹಾಗೆ ಚಿಟಿಕೆ ಹೊಡೆಯುವುದರೊಳಗೆ ಬೇಯುವುದಿಲ್ಲ. ಅದನ್ನೂ ಸೇರಿಸು."

ಸೇರಿಸಿದೆ. ತಿರುಗಿಸಿ ಮುರುಗಿಸಿ ನೋಡಿದರೂ ಆಗಿನ ದರಕ್ಕೆ, ಆ ಮನೆಯ ಮಟ್ಟಿಗೆ, ಗ್ಯಾಸೇ ಸ್ವಲ್ಪ ಅಗ್ಗ. ನನ್ನ ಮುಖ ಚಿಕ್ಕದಾಯಿತು. ಡಬ್ಬ ವಾಪಸು ಹೊರಬೇಕಲ್ಲ ಎಂದುಕೊಳ್ಳುತ್ತಿರುವಾಗ ಚಿಕ್ಕಮ್ಮ ಪಕ್ಕದ ತೆಳು ಗೋಡೆಗೆ ಅಂಗೈ ಇಟ್ಟರು. ಆಚೆ ಕಡೆ ಮಕ್ಕಳು ಮರಾಠಿಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದವು.

"ಇಲ್ಲಿ ಪಕ್ಕದ ಮನೆ ವಹಿನಿಯ ಮಕ್ಕಳು ಮಲಗ್ತವೆ, ಗೋಡೆಗೆ ತಲೆ ಕೊಟ್ಟು. ಮೂಗಿಲ್ಲದವಳು ಗ್ಯಾಸ್ ಹಚ್ಚಿದರೆ ಆ ಖರ್ಚು ಎಲ್ಲಿ ಬರೀತೀ? ಹಾಕು ಪ್ಲಗ್ಗು. ನೀನು ಹೋದ ಮೇಲೆ ನಾನು ಗ್ಯಾಸ್ ಮುಟ್ಟಲಿಲ್ಲ. ವಾರವಿಡೀ ಅವಲಕ್ಕಿ ತಿಂದುಕೊಂಡಿದ್ದೆ."

ಪ್ಲಗ್ಗು ಹಾಕಿದೆ. ಡಬ್ಬದ ಜೊತೆ ಬಂದಿದ್ದ ಪುಟ್ಟ ಸ್ಟೀಲ್ ಪಾತ್ರೆಯಲ್ಲಿ ನೀರಿಟ್ಟೆ. ಜ್ವಾಲೆಯಿಲ್ಲ, ಹೊಗೆಯಿಲ್ಲ, ನೋಡುನೋಡುತ್ತಿದ್ದಂತೆ ನೀರು ಮರಳಿತು. "ಬೆಂಕಿ ಎಲ್ಲುಂಟು ಇದರಲ್ಲಿ?" ಎಂದು ಚಿಕ್ಕಮ್ಮ ಬಗ್ಗಿ ನೋಡಿದರು. ಬೆಳಿಗ್ಗೆ ಒಲೆಗೆ ಕೈಮುಗಿಯದೆ ಅಡಿಗೆ ಶುರು ಮಾಡಿದವರಲ್ಲ. ಎಲ್ಲಿಗೆ ಕೈಮುಗಿಯುವುದೆಂದು ಸ್ವಲ್ಪ ಹೊತ್ತು ಯೋಚಿಸಿ, ಕೊನೆಗೆ ಸ್ವಿಚ್ಚಿನ ಬೋರ್ಡಿಗೆ ಕುಂಕುಮ ಹಚ್ಚಿ ಕೈಮುಗಿದರು. ನಾನೂ ಮುಗಿದೆ, ಆದರೆ ಬೋರ್ಡಿಗಲ್ಲ.

ಲಿಫ್ಟಿನವರಿಗೆ ನಾನು ದರ ಹೇಳಲಿಲ್ಲ. ಅವರ ಮನೆಯಲ್ಲಿ ಅಡಿಗೆ ಮಾಡುವವರು ಯಾರು, ಅವರ ಆರೋಗ್ಯ ಹೇಗಿದೆ ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ತಮ್ಮ ಮಾಳಿಗೆಯಲ್ಲಿ ಇಳಿದು ಹೋದರು.

ನಿನ್ನೆ ಆದಿತ್ಯವಾರ. ಚಿಕ್ಕಮ್ಮ ಹುಳಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಿದ್ದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದವರು, ನನ್ನ ಕಡೆ ತಿರುಗದೆಯೇ ಕೇಳಿದರು: "ಹೇಗುಂಟು ಮಗಾ, ಹೇಳು."

"ಬೆಳ್ಳುಳ್ಳಿ ಕೆಂಪಾಗಿದೆ ಚಿಕ್ಕಮ್ಮ."

"ಅದು ನನಗೂ ಕಾಣ್ತದೆ. ಪರಿಮಳ ಹೇಳು."

ನಾನು ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ. "ಚಿಕ್ಕಪ್ಪ ಇದ್ದಾಗ ಹೇಗಿತ್ತೋ ಹಾಗೇ ಉಂಟು" ಎಂದೆ.

ಚಿಕ್ಕಮ್ಮ ಒಗ್ಗರಣೆಯನ್ನು ಹುಳಿಗೆ ಸುರಿದು ಸೌಟಿನಿಂದ ತಿರುವಿದರು. "ಹಾಗಾದರೆ ಸರಿ ಉಂಟು" ಎಂದು ನನ್ನ ತಟ್ಟೆಗೆ ಬಡಿಸಿದರು.